ಕಾಳುಚೀಲ

ಆಡಕಿ ಊರಿನ ಭೀಮಬಾಯಿ ಆ ವರ್ಷದ ತನಕ ಮೋಜಾ ಹಾಕಿಕೊಂಡವರನ್ನು ನೋಡಿದ್ದು ಎರಡೇ ಸಲ. ಒಮ್ಮೆ ಸೇಡಂ ತಹಶೀಲ ಕಚೇರಿಯ ಮುಂದೆ ಜೀಪಿನಿಂದ ಇಳಿದ ಸಾಹೇಬರ ಕಾಲಲ್ಲಿ, ಇನ್ನೊಮ್ಮೆ ಗುಲ್ಬರ್ಗಾ ದವಾಖಾನೆಯ ಡಾಕ್ಟರ ಕಾಲಲ್ಲಿ. ಎರಡು ಸಲವೂ ಕೆಳಗೆ ಬೂಟಿತ್ತು, ಮೇಲೆ ಪ್ಯಾಂಟಿತ್ತು, ನಡುವೆ ಕಂಡದ್ದು ಎರಡು ಬೆರಳಗಲ. ಅಷ್ಟರಲ್ಲೇ ಮೋಜಾದ ತಳ ಹೇಗಿರುತ್ತದೆ ಅಂತ ಯಾರಿಗೆ ಗೊತ್ತಾಗಬೇಕು? ಆಮೇಲೆ ಊರ ಹೆಂಗಸರೆಲ್ಲ ಅವಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರಲ್ಲ, ಅವರಲ್ಲಿ ಒಬ್ಬಳಾದರೂ ಮೋಜಾದೊಳಗೆ ಕಾಲಿಟ್ಟವಳಿದ್ದಳೇ ಎಂದು ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಅದು ಚೀನಾದೊಂದಿಗೆ ಯುದ್ಧ ನಡೆದ ವರ್ಷ. ಮಳೆ ಹಿಂದೆ ಸರಿದು, ತೊಗರಿ ಹಳದಿ ಹೂ ತೊಟ್ಟು, ಮಹಾನವಮಿ ಹತ್ತಿರ ಬಂದಾಗ ಊರಿಗೆ ಒಬ್ಬ ಗ್ರಾಮಸೇವಿಕೆ ಬಂದಳು. ಮೈಸೂರಿನ ಕಡೆಯ ಹುಡುಗಿ, ಇಪ್ಪತ್ತೈದರ ಒಳಗಿನವಳು. ಹೆಸರು ಕೇಳುವ ಗೋಜಿಗೆ ಹೋಗದೆ ಎಲ್ಲರೂ ಅವಳನ್ನು ಸೇವಿಕಾಬಾಯಿ ಎಂದೇ ಕರೆದರು. ಊರಲ್ಲಿ ಓದುಬರಹ ಬಲ್ಲ ಹಿರಿಯಳು ವಿಮಲಾಬಾಯಿ. ಅವಳ ಪಡಸಾಲೆಯಲ್ಲಿ ಬುಧವಾರಕ್ಕೊಮ್ಮೆ ಮಹಿಳಾ ಮಂಡಲ ಸೇರಿಸಿ, ಬಿದಿರು ಕಡ್ಡಿ ಮತ್ತು ನೂಲಿನ ದಾರ ಕೊಟ್ಟು, ಸೇವಿಕಾಬಾಯಿ ಹೆಣಿಗೆ ಕಲಿಸತೊಡಗಿದಳು. ಬಿಸಿಲನಾಡಿನ ಹೆಂಗಸರಿಗೆ ಹೆಣಿಗೆ ಯಾಕೆ ಬೇಕಿತ್ತೋ ಶಿವನೇ ಬಲ್ಲ. ಆದರೆ ಮಧ್ಯಾಹ್ನದ ಹೊತ್ತು ಅತ್ತೆಯ ಕಣ್ಣು ತಪ್ಪಿಸಿ ನಾಲ್ಕು ಜನ ಕೂತು ಮಾತಾಡಲಿಕ್ಕೆ ಒಂದು ನೆವ ಸಿಕ್ಕಿತಲ್ಲ, ಯಾರೂ ತಪ್ಪಿಸುತ್ತಿರಲಿಲ್ಲ.

ಮೈಸೂರಿನವರೂ ಈ ಕಡೆಯವರೂ ಒಂದೇ ರಾಜ್ಯವಾಗಿ ಆಗ ಆರು ವರ್ಷ. ಕಾಗದದ ಮೇಲೆ ಆಗಿತ್ತು, ಕಿವಿಯಲ್ಲಿ ಇನ್ನೂ ಆಗಿರಲಿಲ್ಲ. ಹೆಂಗಸರು ‘ಜರಾ ಸರಕೊಳ್ರಿ’ ಎಂದರೆ ಸೇವಿಕಾಬಾಯಿ ಕಣ್ಣುಕಣ್ಣು ಬಿಡುತ್ತಿದ್ದಳು. ಅವಳು ‘ಕಣ್ರೀ’ ‘ಕಣಮ್ಮ’ ಎಂದಾಗಲೆಲ್ಲ ಇವರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಭೀಮಬಾಯಿಗೆ ಹೆಣಿಗೆ ಬೇಗ ಕೈಗೆ ಹತ್ತಿತು. ಅವಳಿಗೆ ಆ ಎರಡು ತಾಸು ಬೇಕಾಗಿತ್ತು. ಮನೆಯಲ್ಲಿ ಗಂಡ ಕಾಶಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತು ಐದು ತಿಂಗಳಾಗಿತ್ತು.

ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಕಾಶಪ್ಪ ಶಹಾಬಾದಿನ ಕಡೆ ಫರ್ಸಿ ಕಲ್ಲಿನ ಗಣಿಗೆ ದುಡಿಯಲು ಹೋಗುತ್ತಿದ್ದ. ಆ ಬೇಸಿಗೆಯಲ್ಲಿ ಎಬ್ಬಿಸಿದ ಫರ್ಸಿ ಚಪ್ಪಡಿಯೊಂದು ಕೈಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ಗುಲ್ಬರ್ಗಾದಲ್ಲಿ ಪಾದವನ್ನು ಕಾಲಗಿಣ್ಣಿನ ಮೇಲಕ್ಕೆ ಕತ್ತರಿಸಿ ತೆಗೆದರು. ಗಾಯ ಮಾಯಿತು, ಚರ್ಮ ಕೂಡಿಕೊಂಡಿತು. ಊರ ಬಡಿಗ ದಶರಥ ಯಾರೂ ಹೇಳದಿದ್ದರೂ ತಾನೇ ಬಂದು ಅಳತೆ ತೆಗೆದುಕೊಂಡು, ಬೇವಿನ ಕಟ್ಟಿಗೆ ಕೊರೆದು, ತೊಗಲಿನ ಪಟ್ಟಿ ಹಚ್ಚಿ ಒಂದು ಕಟಗಿಕಾಲು ಮಾಡಿಕೊಟ್ಟ. ಮೇಲೆ ಬಟ್ಟಲಿನ ಹಾಗೆ ಕೊರೆದ ಬಾಯಿ, ಕೆಳಗೆ ಗುಂಡನೆಯ ತುದಿ. ಒಳ್ಳೆಯ ಕೆಲಸ. ಆದರೆ ಮೊಂಡುಗಾಲು ಬರೀ ಕಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಭೀಮಬಾಯಿ ಹಳೆ ಸೀರೆ ಸುತ್ತಿದಳು. ಅದು ನಾಲ್ಕು ಹೆಜ್ಜೆಗೆ ಮುದ್ದೆಯಾಯಿತು. ಸೀರೆಯನ್ನೇ ಚೀಲದ ಹಾಗೆ ಹೊಲಿದು ತೊಡಿಸಿದಳು. ಎಲ್ಲಿ ಹೊಲಿಗೆ ಇತ್ತೋ ಅಲ್ಲಿ ಗುಳ್ಳೆ ಎದ್ದು ರಸಿಗೆ ಸೋರಿತು. ಮೂರು ಸಲ ನೋಡಿ, ನಾಲ್ಕನೆಯ ಸಲ ಕಾಶಪ್ಪ ಕಟಗಿಕಾಲನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಊರುಗೋಲು ಹಿಡಿದು ಬಚ್ಚಲ ತನಕ ಹೋಗುತ್ತಿದ್ದ, ಹೊಸ್ತಿಲು ದಾಟುತ್ತಿರಲಿಲ್ಲ.

ಹೊಲವನ್ನು ಅವನ ದೊಡ್ಡಪ್ಪನ ಮಗ ಅಮೃತಪ್ಪ ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ತನ್ನ ಹೊಲ ಹರಗಿದ ಮೇಲೆ ಇವರದಕ್ಕೂ ಎತ್ತು ತರುತ್ತಿದ್ದ. ಮಹಾನವಮಿಗೆ ಬನ್ನಿ ಕೊಡಲು ಬಂದವನ ಕೈಗೆ ಬನ್ನಿ ವಾಪಸು ಕೊಡುತ್ತ ಕಾಶಪ್ಪ ಹೇಳಿದ, “ಅಣ್ಣಾ, ಈ ಸರ್ತಿ ಎಳ್ಳಮಾಸಿಗಿ ಚರಗ ನೀನೇ ಚೆಲ್ಲು. ಆಮ್ಯಾಲ ಹೊಲಾನೂ ನೀನೇ ಪಾಲಿಗಿ ಹಿಡಿ.”

ಅಮೃತಪ್ಪ ನೆಲ ನೋಡುತ್ತ, “ಇನ್ನ ಟೈಮ್ ಅದ, ನೋಡಮು” ಎಂದ.

ಒಲೆಯ ಮುಂದಿದ್ದ ಭೀಮಬಾಯಿ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ತಿರುಗಿ ನೋಡಿದಳು. ಎಳ್ಳಮಾವಾಸ್ಯೆಯ ದಿನ ಊಟದ ಎಡೆಯನ್ನು ಕಲಸಿ ಹೊಲದ ತುಂಬ ಚೆಲ್ಲುವುದೇ ಚರಗ. ಅದನ್ನು ಚೆಲ್ಲುವವನು ಹೊಲದ ಯಜಮಾನ. ಭೂಮಿತಾಯಿ ಅವನ ಕೈಯನ್ನು ಗುರುತಿಟ್ಟುಕೊಳ್ಳುತ್ತಾಳೆ ಎಂದು ಆ ಸೀಮೆಯ ನಂಬಿಕೆ. ಕಾಶಪ್ಪ ಹದಿನಾರನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈಗ ಒಮ್ಮೆ ಚರಗದ ಬುಟ್ಟಿ ಇನ್ನೊಬ್ಬರ ಕೈಗೆ ಕೊಟ್ಟನೆಂದರೆ ಈ ಮನುಷ್ಯ ಮತ್ತೆ ಗೋಡೆ ಬಿಟ್ಟು ಏಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಹೊಲ ಎಲ್ಲಿಗೂ ಹೋಗುವುದಿಲ್ಲ. ಗಂಡ ಕೂತಲ್ಲೇ ಸವೆದುಹೋಗುತ್ತಾನೆ. ಎಳ್ಳಮಾವಾಸ್ಯೆಗೆ ಇನ್ನು ಎರಡೂವರೆ ತಿಂಗಳಿತ್ತು.

ದೀಪಾವಳಿಯ ಹೊತ್ತಿಗೆ ಯುದ್ಧದ ಸುದ್ದಿ ಹಬ್ಬಿತು. ಹಬ್ಬ ಮುಗಿದ ವಾರ ತಾಲೂಕಿನಿಂದ ಒಂದು ದೊಡ್ಡ ಗಂಟು ಬಂತು. ಅದರ ತುಂಬ ಪಾಚಿ ಬಣ್ಣದ ಉಲನ್. ಹಿಮದ ಗುಡ್ಡದಲ್ಲಿ ನಿಂತ ಸಿಪಾಯಿಗಳಿಗೆ ಗುಲಬಂದು, ಮೋಜಾ ಹೆಣೆದು ಕಳಿಸಬೇಕೆಂದು ಅಪ್ಪಣೆ. ಹೆಂಗಸರು ಉಲನ್ನನ್ನು ಕೆನ್ನೆಗೆ ಒತ್ತಿ ನೋಡಿದರು. ಹಿಮ ಎಂದರೇನು ಎಂದು ವಿಮಲಾಬಾಯಿ ವಿವರಿಸಲು ನೋಡಿ, ಜೀವಮಾನದಲ್ಲಿ ತಾನೂ ಕಂಡಿಲ್ಲವಾದ್ದರಿಂದ ಆಲಿಕಲ್ಲಿಗೆ ಬಂದು ನಿಲ್ಲಿಸಿದಳು.

ಮೊದಲ ಎರಡು ವಾರ ಕುತ್ತಿಗೆಗೆ ಸುತ್ತುವ ಗುಲಬಂದು. ಅದು ಸುಲಭ, ಹೋದ ದಾರಿಯಲ್ಲೇ ಬಂದರೆ ಆಯಿತು. ಹೊಲದಲ್ಲಿ ಬಿಳಿಜೋಳ ಮೊಳಕಾಲುದ್ದ ಬಂದಿತ್ತು, ಬೆಳಗಿನ ಇಬ್ಬನಿಗೆ ಅಂಗಳದ ಮಣ್ಣು ತೇವವಾಗುತ್ತಿತ್ತು. ಭೀಮಬಾಯಿ ಬಿಸಿಲು ಕಾಯುತ್ತ ಕೂತು ಮೂರು ಗುಲಬಂದು ಮುಗಿಸಿದಳು. ಮೂರನೆಯ ವಾರ ಸೇವಿಕಾಬಾಯಿ ಐದೈದು ಸೂಜಿ ಹಂಚಿ ಹೇಳಿದಳು, “ಈಗ ಕಾಲುಚೀಲ ಹಾಕೋಣ ಕಣ್ರೀ. ನಾಲ್ಕು ಸೂಜಿ ಮೇಲೆ ಕುಣಿಕೆ ಹಂಚ್ಕೊಳ್ಳಿ, ಐದನೇದ್ರಲ್ಲಿ ಸುತ್ತ ಹೆಣೀತಾ ಹೋಗಿ. ಒಂದು ಗೇಣು ಆಗ್ಲಿ. ಕಷ್ಟದ ಭಾಗ ಮುಂದಿನ ಬುಧವಾರ ತೋರಿಸ್ತೀನಿ.”

ಇಲ್ಲೇ ಎಡವಟ್ಟಾದದ್ದು. ಆ ಊರಲ್ಲಿ ಕಾಲಿಗೆ ಹಾಕುವುದಕ್ಕೆ ಮೋಜಾ ಎಂದಲ್ಲದೆ ಬೇರೆ ಹೆಸರೇ ಇರಲಿಲ್ಲ. ಚೀಲ ಎಂದರೆ ಒಂದೇ, ಕಾಳು ತುಂಬುವ ಚೀಲ. ಭೀಮಬಾಯಿ ಹುಟ್ಟಿದ್ದು ತೊಗರಿ ಬೆಳೆಯುವ ಮನೆಯಲ್ಲಿ, ಕೊಟ್ಟದ್ದು ತೊಗರಿ ಬೆಳೆಯುವ ಮನೆಗೆ. ಅವಳ ಕಿವಿಗೆ ಬಿದ್ದದ್ದು ‘ಕಾಳುಚೀಲ’. ಮೋಜಾದ ಕೆಲಸ ಇದು ಮುಗಿದ ಮೇಲೆ ಇರಬೇಕು ಎಂದುಕೊಂಡಳು. ಅವಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಗುಡ್ಡದ ಮೇಲೆ ನಿಂತ ಸಿಪಾಯಿಗೆ ಹಸಿವಾಗುವುದಿಲ್ಲವೇ? ಸೊಂಟಕ್ಕೊಂದು ಬೆಚ್ಚನೆಯ ಚೀಲ ಇದ್ದರೆ ಪುಟಾಣಿ ಕಡಲೆ ಹಾಕಿಕೊಂಡು ಆಗಾಗ ಬಾಯಿಗೆ ಎಸೆದುಕೊಳ್ಳಬಹುದು, ತಂಪಿಗೆ ಮೆತ್ತಗೂ ಆಗುವುದಿಲ್ಲ. ಸರಕಾರಕ್ಕೂ ಕೆಲವು ಸಲ ಬುದ್ಧಿ ಇರುತ್ತದೆ ಎಂದು ಖುಷಿಯಾಯಿತು.

“ತಳ ಹ್ಯಾಂಗ ಮುಚ್ಚಬೇಕ್ರಿ?” ಎಂದು ಏಳುವಾಗ ಕೇಳಿದಳು.

ಸೇವಿಕಾಬಾಯಿ ಕಾಲ್ಬೆರಳು ಕೂರುವ ತುದಿ ಎಂದುಕೊಂಡು, ಒಂದು ತುಂಡಿನ ಮೇಲೆ ತೋರಿಸಿದಳು. ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತ ಹೋಗು, ಕಡೆಗೆ ಎಂಟು ಉಳಿದಾಗ ದಾರ ಪೋಣಿಸಿ ಜಗ್ಗಿಬಿಡು. “ಒಬ್ಬ ಜವಾನನಿಗೆ ಎರಡು ಬೇಕು, ಮರೀಬೇಡಿ” ಎಂದೂ ಹೇಳಿದಳು. ಒಂದು ಪುಟಾಣಿಗೆ, ಒಂದು ಬೆಲ್ಲಕ್ಕೆ ಎಂದು ಭೀಮಬಾಯಿ ಲೆಕ್ಕ ಹಾಕಿದಳು.

ಮುಂದಿನ ಬುಧವಾರ ಅವಳಿಗೆ ಹೋಗಲಾಗಲಿಲ್ಲ. ಹಿಂದಿನ ದಿನ ಅವಳು ಕಾಡಿ ಬೇಡಿ ಕಾಶಪ್ಪನಿಗೆ ಕಟಗಿಕಾಲು ಕಟ್ಟಿಸಿದ್ದಳು, ಹಳೆಯ ಗುಳ್ಳೆ ಮತ್ತೆ ಒಡೆದು ರಾತ್ರಿ ಜ್ವರ ಬಂದಿತ್ತು. ಪಡಸಾಲೆಯಲ್ಲಿ ಎಲ್ಲರೂ ಮೋಜಾದ ಹಿಂಬಡ, ಹಿಮ್ಮಡಿ ಕೂರುವ ಜಾಗ, ತಿರುಗಿಸುವುದನ್ನು ಕಲಿಯುವಾಗ ಅವಳು ಗಂಡನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ನಡುನಡುವೆ ಸೂಜಿ ಹಿಡಿದು ಚೀಲ ಮುಗಿಸಿದಳು. ಎರಡು ಗೇಣು ಉದ್ದ, ತಳ ಗುಂಡಗೆ. ಬಾಯಿಗೆ ದಾರ ಹೊಸೆದು ಒಂದು ಲಾಡಿಯನ್ನೂ ಪೋಣಿಸಿದಳು. ಲಾಡಿ ಇಲ್ಲದಿದ್ದರೆ ಪುಟಾಣಿ ಚೆಲ್ಲುವುದಿಲ್ಲವೇ?

ಅದರ ಮುಂದಿನ ವಾರ ಎಲ್ಲರ ನಡುವೆ ಅವಳು ಅದನ್ನು ತೆಗೆದು ಸೇವಿಕಾಬಾಯಿಯ ಕೈಗಿಟ್ಟಳು. ಸೇವಿಕಾಬಾಯಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದೇನ್ರೀ ಇದು? ಹಿಮ್ಮಡಿ ಎಲ್ಲಿ?”

“ಚೀಲಕ್ಕ ಹಿಂಬಡ ಯಾಕ್ರಿ?”

“ಕಾಲುಚೀಲ ಅಲ್ವಾ?”

“ಹೂಂರಿ, ಕಾಳುಚೀಲ. ಪುಟಾಣಿ ಪಾವುಸೇರು ಹಿಡಿತದ. ನಾ ತುಂಬಿ ನೋಡೀನಿ.”

ಮೊದಲು ಅರ್ಥವಾದದ್ದು ವಿಮಲಾಬಾಯಿಗೆ. ಅವಳು ನಕ್ಕದ್ದೇ ತಡ, ಪಡಸಾಲೆಯೆಲ್ಲ ನಕ್ಕಿತು. ಸೇವಿಕಾಬಾಯಿಗೆ ಒಬ್ಬರು ಬಿಡಿಸಿ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಬಂದ ಊರಲ್ಲಿ ತಿಂಗಳೆಲ್ಲ ತಾನೇ ನಗೆಪಾಟಲಾದವಳಿಗೆ ಒಂದು ಸರದಿ ಸಿಕ್ಕಿತ್ತು. ಭೀಮಬಾಯಿಯೂ ಎಲ್ಲರ ಜೊತೆ ನಕ್ಕಳು. ಮುಖ ಮಾತ್ರ ಸುಟ್ಟಂತಾಗಿತ್ತು.

“ಬೇಜಾರು ಮಾಡ್ಕೋಬೇಡಿ, ಬಿಚ್ಚಿ ಮತ್ತೆ ಹಾಕಿದ್ರಾಯ್ತು” ಎಂದು ಸೇವಿಕಾಬಾಯಿ ಕಣ್ಣೊರೆಸಿಕೊಂಡಳು.

ಮನೆಗೆ ಬಂದು ಭೀಮಬಾಯಿ ಸಿಟ್ಟಿನಿಂದ ಚೀಲವನ್ನು ಗಂಡನ ಮುಂದೆ ಒಗೆದಳು. “ನೋಡ್ರಿ, ನಿಮ್ಮ ಹೆಂಡ್ತಿ ಶಾಣ್ಯಾತನ.” ನಡೆದದ್ದನ್ನು ಹೇಳಿದಳು. ಪುಟಾಣಿ ಪಾವುಸೇರು ಎಂಬಲ್ಲಿಗೆ ಬಂದಾಗ ಕಾಶಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮು ಇರಬೇಕೆಂದು ಅವಳು ನೀರು ತರಲು ಎದ್ದಳು. ಕೆಮ್ಮಲ್ಲ, ನಗು. ಆರೇಳು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಅವನ ನಗು ಕೇಳಿತು. ಇಷ್ಟಕ್ಕೆ ಇನ್ನೂ ನಾಲ್ಕು ಸಲ ತಪ್ಪು ಮಾಡಲಿಕ್ಕೂ ತಯಾರು ಎಂದು ಅವಳಿಗೆ ಅನಿಸಿತು.

ಕಾಶಪ್ಪ ಚೀಲದೊಳಗೆ ಮುಷ್ಟಿ ಇಟ್ಟು ತಿರುಗಿಸಿ ನೋಡಿದ. ನಗು ನಿಂತಿತು. ಚೀಲವನ್ನು ಒಳಮಗ್ಗಲು ಹೊರಗೆ ಮಾಡಿ, ಬೆರಳಿನಿಂದ ಸುತ್ತಲೂ ಸವರಿದ.

“ಇದರ ಹೊಲಿಗಿ ಎಲ್ಲದ?”

“ಹೊಲಿಗಿ ಇಲ್ರಿ. ಸುತ್ತ ಹೆಣಿಯೋದಲ್ಲ, ಹೊಲಿಗಿ ಎಲ್ಲಿಂದ ಬರಬೇಕು.”

ಹೇಳಿದ ಮೇಲೆ ಅವಳಿಗೂ ಹೊಳೆಯಿತು. ಇಬ್ಬರೂ ಗೂಟದಲ್ಲಿ ತೂಗುತ್ತಿದ್ದ ಕಟಗಿಕಾಲನ್ನು ನೋಡಿದರು. ಹಿಂಬಡ ಇಲ್ಲದ ಕಾಲಿಗೆ ಹಿಂಬಡ ಇಲ್ಲದ ಮೋಜಾ. ಬಾಯಿಗೆ ಕಟ್ಟಿಕೊಳ್ಳಲು ಲಾಡಿ ಸಮೇತ ಅವಳ ಕೈಯೇ ಹೆಣೆದು ಇಟ್ಟಿತ್ತು. ಅವಳು ಚೀಲ ತೆಗೆದುಕೊಂಡು ಅವನ ಕಾಲ ಬಳಿ ಕೂತಳು. ಕಾಶಪ್ಪ ಅವಳ ಕೈ ಹಿಡಿದ.

“ಬ್ಯಾಡ. ಬಿಚ್ಚು. ಇದು ಸಿಪಾಯಿಗಳ ಉಲನ್.”

“ಒಂದೇ ಒಂದು ಸರ್ತಿ ತೊಟ್ಟು ನೋಡ್ರಿ, ಆಮ್ಯಾಲ ಬಿಚ್ತೀನಿ.”

“ತೊಟ್ರ ಬಿಚ್ಚಲಾಕ ಮನಸ್ಸಾಗಲ್ಲ. ನನಗೂ ಆಗಲ್ಲ, ನಿನಗೂ ಆಗಲ್ಲ. ಬಿಚ್ಚು ಅಂದೆ.”

ಅವನ ಮಾತು ಖರೆಯೇ ಆಗಿತ್ತು. ಅವಳಿಗೆ ಅಳು ಬಂತು, ಅತ್ತಳು, ಅಳುತ್ತಲೇ ತಳದ ಗಂಟು ಬಿಚ್ಚಿ ದಾರ ಜಗ್ಗಿದಳು. ಕಾಶಪ್ಪ ಎರಡೂ ಕೈ ಮುಂದೆ ಚಾಚಿ ದಾರವನ್ನು ಸುತ್ತಿಸಿಕೊಂಡ. ಸುತ್ತು ಸುತ್ತಾಗಿ ಬಿಚ್ಚುತ್ತ ಚೀಲ ಸಣ್ಣದಾಗಿ ಕಡೆಗೆ ಬಾಯಿಯ ಲಾಡಿ ಮಾತ್ರ ಉಳಿಯಿತು. ಅಷ್ಟು ಹೊತ್ತು ಇಬ್ಬರೂ ಎದುರುಬದುರು ಕೂತದ್ದು ಬೇಸಿಗೆಯಿಂದ ಈಚೆಗೆ ಅದೇ ಮೊದಲು.

ಮರುದಿನ ಬೆಳಗ್ಗೆ ಭೀಮಬಾಯಿ ಕುರಿ ಸಾಕಿದ ಮರೆಮ್ಮನ ಹಟ್ಟಿಗೆ ಹೋದಳು. ಎಪ್ಪತ್ತರ ಹತ್ತಿರದ ಮುದುಕಿ. ದೀಪಾವಳಿ ಆದ ಮೇಲೆ ಕುರಿಯ ಕೂದಲು ಕತ್ತರಿಸಿ ತೆಗೆದ ಉಣ್ಣೆಯನ್ನು ಹಿಂಜಿ, ಬಿಸಿಲಲ್ಲಿ ಕೂತು ಕದರಿನಲ್ಲಿ ನೂಲುತ್ತಿದ್ದಳು. ಮೂಲೆಯಲ್ಲಿ ಒಂದು ಸಣ್ಣ ಗುಡ್ಡೆ ಬೇರೆಯಾಗಿಯೇ ಇತ್ತು, ಮರಿಗಳ ಮೊದಲ ಕತ್ತರಿಯ ಉಣ್ಣೆ. ಅದರಷ್ಟು ಮೆತ್ತನೆಯದು ಆ ಕುರಿಗೆ ಜನ್ಮದಲ್ಲಿ ಮತ್ತೆ ಬರುವುದಿಲ್ಲ.

ಭೀಮಬಾಯಿ ಆ ಮರಿ ಉಣ್ಣೆ ಕೇಳಿದಾಗ ಮರೆಮ್ಮ ಕದರು ನಿಲ್ಲಿಸಿದಳು. “ಎದಕ್ಕ ಬೇಕವ್ವ?”

“ಅವರ ಕಾಲಿಗಿ, ಯವ್ವಾ. ಒಂದು ಮೋಜಾ ಹೆಣಿಬೇಕು.”

“ಹೊಸ ಉಣ್ಣಿ ಕಾಲಿಗಿ ಹಚ್ಚಬಾರದು. ಇದು ದೇವರ ಗದ್ದಿಗಿಗಿ ಹಾಸೋದು. ನಾ ಕಂಡಾಗಿಂದ ನಮ್ಮ ಮನ್ಯಾಗ ಯಾರೂ ಇದನ್ನ ತುಳದಿಲ್ಲ.”

ನಂಬಿಕೆಯ ಜೊತೆ ವಾದ ಮಾಡುವ ಹೆಂಗಸಲ್ಲ ಭೀಮಬಾಯಿ. ಸೆರಗು ಸರಿಮಾಡಿಕೊಂಡು ಏಳುವುದರಲ್ಲಿದ್ದಳು. ಮರೆಮ್ಮ ಕುರಿಗಳ ಕಡೆ ನೋಡುತ್ತಲೇ ಕೇಳಿದಳು, “ಯಾವ ಕಾಲಿಗಿ?”

“ಎಡಗಾಲಿಗಿ.”

“ಅಂದ್ರ, ಇಲ್ಲದ ಕಾಲಿಗಿ.”

“ಹೂಂ.”

“ಮತ್ತ ಮೊದಲೇ ಹೇಳಬಾರದೇನು? ಪಾದ ಇದ್ರ ತುಳದಂಗ ಆತದ. ಪಾದೇ ಇಲ್ಲದಲ್ಲಿ ತುಳಿಯೋದೆಲ್ಲಿ ಬಂತು?” ಮುದುಕಿ ಕೈಚಾಚಿ ಮರಿ ಉಣ್ಣೆಯ ಗುಡ್ಡೆಯನ್ನು ತನ್ನ ಕಡೆ ಎಳೆದುಕೊಂಡಳು. “ಕುಂದ್ರು. ನಿನ್ನ ಕೈಯಾಗ ಕೊಟ್ರ ಗಂಟು ಗಂಟು ನೂಲ್ತಿ. ನಾನೇ ನೂತು ಕೊಡ್ತೀನಿ.”

ನೂಲಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಭೀಮಬಾಯಿ ಸೇವಿಕಾಬಾಯಿಯ ಹತ್ತಿರ ಹೋಗಿ ಹಿಂಬಡ ತಿರುಗಿಸುವುದನ್ನು ಕಲಿತಳು. ಬಿಚ್ಚಿದ ಪಾಚಿ ಉಲನ್ನಿಂದ ಒಂದು ಜೊತೆ ಮೋಜಾ ಹೆಣೆದುಕೊಟ್ಟಳು, ಈ ಸಲ ಯಾರೂ ನಗುವಂತಿರಲಿಲ್ಲ. ಆದರೆ ಅದರ ಮುಂದಿನ ಬುಧವಾರ ಅವಳ ಮಡಿಲಲ್ಲಿ ಕರಿ ಉಣ್ಣೆಯ ಇನ್ನೊಂದು ಚೀಲ ಕಂಡು ಸೇವಿಕಾಬಾಯಿ, “ಮತ್ತೆ ಕಾಳುಚೀಲಾನಾ ಭೀಮಬಾಯಮ್ಮ?” ಎಂದು ತಮಾಷೆ ಮಾಡಿದಳು.

“ಇದು ಕಾಲುಚೀಲೇರಿ” ಎಂದು ಭೀಮಬಾಯಿ ಮೆಲ್ಲಗೆ ಯಾರಿಗೆ, ಯಾಕೆ ಎಂದು ಹೇಳಿದಳು.

ಸೇವಿಕಾಬಾಯಿಯ ಮುಖದ ನಗು ಹೋಯಿತು. ಅವಳು ಭೀಮಬಾಯಿಯ ಪಕ್ಕದಲ್ಲಿ ಬಂದು ಕೂತಳು. “ಅವತ್ತು ನಾನು ಅಷ್ಟು ನಗಬಾರದಿತ್ತು” ಎಂದಳು. ಆಮೇಲೆ ಚೀಲ ಹಿಡಿದು ನೋಡಿ, “ಇದನ್ನ ಮೊದಲು ಬಿಸಿನೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ. ಮೆತ್ತಗಾಗುತ್ತೆ. ಮೈಗೆ ಸರಿಯಾಗಿ ಅಂಟ್ಕೊಳ್ಳೋ ಹಾಗಿರ್ಲಿ, ಸಡಿಲ ಇದ್ರೆ ಮಡಿಕೆ ಬೀಳುತ್ತೆ” ಎಂದಳು. ಭೀಮಬಾಯಿಯ ಕೈಯಲ್ಲಿದ್ದ ಸರಕಾರದ ಸೂಜಿಗಳನ್ನು ಮರಳಿ ಕೇಳುವ ಮಾತನ್ನು ಆಮೇಲೆ ಅವಳು ಎತ್ತಲೇ ಇಲ್ಲ.

ಅವಳು ಹೇಳಿದ ಹಾಗೆಯೇ ಆಯಿತು. ಮೊದಲ ಚೀಲ ನೆನೆದು ಹಿಗ್ಗಿ ಸಡಿಲವಾಯಿತು, ಮಡಿಕೆ ಬಿತ್ತು, ಗುಳ್ಳೆ ಎದ್ದಿತು. ಕಾಶಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಭೀಮಬಾಯಿ ಬೈಸಿಕೊಂಡಳು, ಬೈದಳು, ಬಿಚ್ಚಿ ಎಂಟು ಕುಣಿಕೆ ಕಮ್ಮಿ ಮಾಡಿ ಮತ್ತೆ ಹಾಕಿದಳು. ಗುಳ್ಳೆ ಆರುವ ತನಕ ಆರು ದಿನ ಕಾಯಬೇಕಾಯಿತು. ಜೋಳ ತೆನೆ ಹಾಯತೊಡಗಿತ್ತು, ಸಂಜೆಯಾದರೆ ಹೊದಿಕೆ ಬೇಕೆನಿಸುತ್ತಿತ್ತು, ಎಳ್ಳಮಾವಾಸ್ಯೆಗೆ ಇನ್ನು ಹದಿಮೂರೇ ದಿನ.

ಎರಡನೆಯ ಚೀಲ ಅವನ ಮೊಂಡುಗಾಲಿನ ಮೇಲೆ ಕರಿ ಚರ್ಮದ ಹಾಗೆ ಕೂತಿತು. ಅವಳು ಲಾಡಿ ಕಟ್ಟಿದಳು, ಕಟಗಿಕಾಲಿನ ಪಟ್ಟಿ ಬಿಗಿದಳು. ಕಾಶಪ್ಪ ಗೋಡೆ ಹಿಡಿದು ಎದ್ದು ಬಾಗಿಲ ತನಕ ಹೋಗಿ ಬಂದ. ಕೂತು ತಾನೇ ಬಿಚ್ಚಿ ನೋಡಿದ. ಚರ್ಮ ಕೆಂಪಾಗಿತ್ತು, ಅಷ್ಟೇ. ಮತ್ತೆ ತೊಟ್ಟುಕೊಂಡು ಲಾಡಿ ತಾನೇ ಕಟ್ಟಿದ.

ಮೂರನೆಯ ದಿನ ಹೊಸ್ತಿಲು ದಾಟಿದ. ಐದನೆಯ ದಿನ ಬಾವಿಯ ತನಕ ಹೋದ. ಅಲ್ಲಿ ದಶರಥ ಸಿಕ್ಕಿ, ತುದಿ ಸವೆದೀತೆಂದು ಕೆಳಗೆ ಟೈರಿನ ತುಂಡು ಬಡಿದುಕೊಟ್ಟ. ದಿನಾ ಬೆಳಗ್ಗೆ ಎಲ್ಲರೂ ಹೊಲಕ್ಕೆ ಹೋದ ಮೇಲೆ ಖಾಲಿ ಓಣಿಯಲ್ಲಿ ಅವನ ಊರುಗೋಲಿನ ಟಕ್ ಟಕ್ ಸದ್ದು ಕೇಳುತ್ತಿತ್ತು. ಭೀಮಬಾಯಿ ಒಳಗೆ ರೊಟ್ಟಿ ಬಡಿಯುತ್ತ ಅದನ್ನು ಎಣಿಸುತ್ತಿದ್ದಳು. ಇನ್ನೂರು ದಾಟಿದ ದಿನ ರೊಟ್ಟಿ ಹೊತ್ತಿ ಕರಕಾಯಿತು. ಆದರೂ ಚರಗದ ಮಾತನ್ನು ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಎಳ್ಳಮಾವಾಸ್ಯೆ ಬಂತು. ಭಜ್ಜಿ, ಸಜ್ಜಿ ಕಡುಬು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ ಎಲ್ಲ ಅಮೃತಪ್ಪನ ಬಂಡಿ ಏರಿದವು. ಕಾಶಪ್ಪ ಮಡಿ ಧೋತರ ಉಟ್ಟು, ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತ. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ ಮಾಡಿದರು. ಭೀಮಬಾಯಿ ಬುಟ್ಟಿಯಲ್ಲಿ ಚರಗ ಕಲಸಿಟ್ಟು, ನೀರಿನ ತಂಬಿಗೆ ಹಿಡಿದು ನಿಂತಳು.

ಅಮೃತಪ್ಪ ಬುಟ್ಟಿ ಎತ್ತಿಕೊಂಡ. ಒಂದು ಗಳಿಗೆ ಅವಳಿಗೆ ಎಲ್ಲ ಮುಗಿಯಿತು ಎನಿಸಿತು. ಅವನು ತಮ್ಮನ ಮುಂದೆ ಬಂದು ಬುಟ್ಟಿಯನ್ನು ಚಾಚಿದ.

“ತಗೋ ತಮ್ಮಾ. ನನಗ ನನ್ನ ಹೊಲದಾಗ ಚೆಲ್ಲೋದು ಅದ, ಹೊತ್ತಾಗ್ಲಿಕತ್ತದ.”

ಕಾಶಪ್ಪ ಬುಟ್ಟಿಯನ್ನು ನೋಡಿದ, ಅಣ್ಣನನ್ನು ನೋಡಿದ, ಆಮೇಲೆ ಊರುಗೋಲನ್ನು ಗಿಡಕ್ಕೆ ಆನಿಸಿ ಬುಟ್ಟಿಯನ್ನು ಎಡಗೈಯಲ್ಲಿ ತಬ್ಬಿಕೊಂಡ.

ಕರಿಮಣ್ಣಿನಲ್ಲಿ ನಡೆಯುವುದು ಓಣಿಯಲ್ಲಿ ನಡೆದಂತಲ್ಲ. ಕಟಗಿಕಾಲು ಹೂತುಕೊಳ್ಳುತ್ತಿತ್ತು, ಅವನು ಎಳೆದು ತೆಗೆದು ಮುಂದಿಡುತ್ತಿದ್ದ. ಎರಡು ಕಡೆ ಜೋಲಿ ಹೊಡೆದ, ಬೀಳಲಿಲ್ಲ. ಪ್ರತಿ ಹೆಜ್ಜೆಗೆ ಒಂದು ಹಿಡಿ ಚರಗ ಜೋಳದ ಮೇಲೆ, ತೊಗರಿಯ ಮೇಲೆ ಬೀಳುತ್ತಿತ್ತು. ಚರಗ ಚೆಲ್ಲುತ್ತ ವರ್ಷವೂ ಕೂಗುವ ಕೂಗನ್ನು ಅವನು ಮೊದಲು ಬಾಯೊಳಗೇ ಹೇಳಿದ, ಅರ್ಧ ಹೊಲ ದಾಟುವಾಗ ದನಿ ತೆರೆಯಿತು. ಭೀಮಬಾಯಿ ನೀರು ಚಿಮುಕಿಸುತ್ತ ಹಿಂದೆ ನಡೆದಳು. ಮುಂದೆ ಮಣ್ಣಿನಲ್ಲಿ ಒಂದು ಪಾದ, ಒಂದು ಗುಂಡನೆಯ ಕುಣಿ, ಒಂದು ಪಾದ, ಒಂದು ಕುಣಿ. ಅವಳು ಒಂದನ್ನೂ ತುಳಿಯದೆ ಬದಿಗೆ ಸರಿದು ನಡೆದಳು. ಕಣ್ಣಿಗೆ ನೀರು ತುಂಬಿ ತಂಬಿಗೆಯ ನೀರು ಎಲ್ಲಿ ಬೀಳುತ್ತಿದೆ ಎಂಬುದು ಸರಿಯಾಗಿ ಕಾಣುತ್ತಿರಲಿಲ್ಲ. ಅಷ್ಟು ಸಂತೋಷ ಅವಳು ಮದುವೆಯ ದಿನವೂ ಪಟ್ಟಿರಲಿಲ್ಲ.

ಸುತ್ತು ಮುಗಿಸಿ ಬನ್ನಿಗಿಡದ ಬುಡಕ್ಕೆ ಬಂದು ಕೂತಾಗ ಅವನಿಗೆ ಉಸಿರು ಏರಿತ್ತು. ಹಿಂದಿರುಗಿ ಹೆಜ್ಜೆಯ ಸಾಲು ನೋಡಿದ.

“ಮುಂದಿನ ವರ್ಷ ಬಿತ್ತಾಕ ಕೂರಿಗಿ ಬ್ಯಾಡ. ನಾ ನಡಕೋತ ಹೋಗ್ತೀನಿ, ನೀ ಕುಣ್ಯಾಗ ಒಂದೊಂದು ಕಾಳು ಹಾಕ್ಕೋತ ಬಾ. ಕಾಳುಚೀಲ ಹ್ಯಾಂಗೂ ಅದ.”

ಭೀಮಬಾಯಿ ನಕ್ಕಳು. ಅವನ ಪಟ್ಟಿ ಬಿಚ್ಚಿ, ಲಾಡಿ ಸಡಿಲಿಸಿ ನೋಡಿದಳು. ಚೀಲ ಬೆವರಿಗೆ ಒದ್ದೆಯಾಗಿತ್ತು, ಒಳಗೆ ಒಂದೂ ಗುಳ್ಳೆ ಇರಲಿಲ್ಲ. ಅವಳು ಅದನ್ನು ಬಿಸಿಲಿಗೆ ಹರವಿದಳು. ಊಟವಾಯಿತು. ಅಂಬಲಿ ಕುಡಿದು ಕಾಶಪ್ಪ ಬಹಳ ಹೊತ್ತು ಆ ಕರಿ ಚೀಲವನ್ನೇ ನೋಡುತ್ತಿದ್ದ.

“ಮರೆಮ್ಮ ಕೊಟ್ಟ ಉಣ್ಣಿ ಇನ್ನ ಅದೇನು?”

“ಅದರಿ. ಇನ್ನೊಂದು ಆತದ. ಬದಲಿಗಿ ಒಂದು ಇರಲಿ ಅಂತ ಹ್ಯಾಂಗೂ ಹಾಕಾಕಿ ಇದ್ದೆ.”

“ನನಗ ಒಂದೇ ಸಾಕು.” ಅವನು ಹೊಲದ ಕಡೆ ಮುಖ ಮಾಡಿಯೇ ಮಾತಾಡಿದ. “ಆ ಗಂಟು ಇನ್ನ ಊರಾಗೇ ಅದಲ್ಲ, ಸಿಪಾಯಿಗಳಿಗಿ ಹೋಗೋದು? ಅದರಾಗ ಒಂದು ಹಾಕಿ ಕಳಸು. ಅಷ್ಟು ಮಂದಿ ಗುಡ್ಡದ ಮ್ಯಾಲ ಲಡಾಯಿ ಮಾಡ್ಯಾರ, ಎಲ್ಲರೂ ಎರಡು ಪಾದ ತಗೊಂಡು ಬಂದಿರ್ತಾರೇನು? ಎರಡು ಪಾದ ಇದ್ದವರಿಗಿ ಎಲ್ಲಾರೂ ಹೆಣಿಲಿಕತ್ತಾರ.”

ಭೀಮಬಾಯಿ ಸೊಂಟದಲ್ಲಿ ಸಿಗಿಸಿದ್ದ ಸೂಜಿಗಳನ್ನೂ ಮಡಿಲಿನ ಉಣ್ಣೆಯ ಉಂಡೆಯನ್ನೂ ತೆಗೆದಳು. ದಾರದ ತುದಿ ಬೆರಳಿಗೆ ಸುತ್ತಿಕೊಂಡು ನಿಲ್ಲಿಸಿದಳು.

“ಯಾರ ಅಳತಿಗಿ ಹಾಕ್ಲಿರಿ? ಅವ ಯಾರೋ, ಹ್ಯಾಂಗದಾನೋ.”

ಕಾಶಪ್ಪ ಧೋತರವನ್ನು ಮೊಳಕಾಲಿನ ಮೇಲೆ ಸರಿಸಿ, ಬೇಸಿಗೆಯಿಂದ ಮನೆಯ ಹೊರಗೆ ತಾನಾಗಿ ಎಂದೂ ತೆರೆದಿಡದ ಎಡಗಾಲನ್ನು ಬಿಸಿಲಿನಲ್ಲಿ ಅವಳ ಮುಂದೆ ಚಾಚಿದ.

“ನನ್ನ ಅಳತಿಗೇ ಹಾಕು” ಎಂದ.